ಮನೆಯ ಎಸ್ಪ್ರೆಸೊ ಮೆಷಿನ್ ಸೋರುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಮಂಗಳೂರು ಕಡೆಯ ಮನೆಗಳಲ್ಲಿ ಈಗ ಸ್ಟೀಲ್ ಫಿಲ್ಟರಿನ ಪಕ್ಕದಲ್ಲಿ ಎಸ್ಪ್ರೆಸೊ ಮೆಷಿನ್ ಕೂಡ ಕೂತಿರುತ್ತದೆ. ಘಾಟಿ ಹತ್ತಿದರೆ ಚಿಕ್ಕಮಗಳೂರು, ಕೊಡಗು. ಒಳ್ಳೆಯ ಕಾಫಿ ಬೀಜಕ್ಕೆ ನಮಗೆ ಬರ ಇಲ್ಲ. ಮೆಷಿನ್ ಸೋರಲು ಶುರುವಾದಾಗ ಮಾತ್ರ ಕೇಳಲು ಹತ್ತಿರದಲ್ಲಿ ಜನ ಸಿಗುವುದಿಲ್ಲ. ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನಾನು ಬಿಚ್ಚಿ ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದು ರಬ್ಬರ್ ಬಳೆ. ಅದು ಯಾವ ಬಳೆ ಎಂದು ಹುಡುಕುವುದೇ ಕೆಲಸ.

## ಮೊದಲು ನೋಡಬೇಕಾದ್ದು

ಮೆಷಿನ್ ಅಡಿಯಲ್ಲಿ ನೀರು ಉಂಟು. ಎಲ್ಲಿಂದ ಬರ್ತದೆ ಅಂತಲೇ ಗೊತ್ತಾಗುದಿಲ್ಲ. ಮೊದಲು ಎಂತ ನೋಡುದು?

ಎಲ್ಲಿಂದ ಎಂದು ಹುಡುಕುವ ಮೊದಲು ಯಾವಾಗ ಎಂದು ನೋಡಿ. ಹಂಚಿನ ಮಾಡು ಸೋರುವುದನ್ನು ನೋಡಿದ್ದೀರಲ್ಲ. ಹಂಚು ಒಡೆದದ್ದು ಒಂದು ಕಡೆ, ನೀರು ಪಕ್ಕಾಸಿನ ಗುಂಟ ಇಳಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಮೆಷಿನ್ ಒಳಗೂ ಹಾಗೆಯೇ.

ಪ್ಲಗ್ ತೆಗೆಯಿರಿ. ಟ್ರೇ, ಟ್ಯಾಂಕ್ ಹೊರಗಿಟ್ಟು ಹಳೆ ಬೈರಾಸಿನಿಂದ ಎಲ್ಲ ಕಡೆ ಒರೆಸಿ. ಅಡಿಗೆ ಹಳೆ ನ್ಯೂಸ್‌ಪೇಪರ್ ಹಾಸಿ. ಕಲೆ ಎಲ್ಲಿಂದ ಹರಡಿತು ಎಂದು ಪೇಪರ್ ಮೇಲೆ ಚೆನ್ನಾಗಿ ಕಾಣುತ್ತದೆ. ಈಗ ಟ್ಯಾಂಕ್ ತುಂಬಿಸಿ ಕೂರಿಸಿ, ಆನ್ ಮಾಡದೆ ಒಂದು ಗಂಟೆ ಬಿಡಿ. ಪೇಪರ್ ಚಂಡಿಯಾದರೆ ತಪ್ಪು ಟ್ಯಾಂಕಿನದ್ದು, ಅಥವಾ ಅದು ಕೂರುವ ಜಾಗದ್ದು. ಆಗದಿದ್ದರೆ ಆನ್ ಮಾಡಿ. ಬಿಸಿಯಾಗುವಾಗ ಮಾತ್ರ ಬಂದರೆ ಬಾಯ್ಲರ್ ಕಡೆ ನೋಡಬೇಕು. ಆಮೇಲೆ ಖಾಲಿ ಪಂಪ್ ಓಡಿಸಿ, ಕೊನೆಗೆ ಪುಡಿ ಹಾಕಿ ಕಾಫಿ ತೆಗೆಯಿರಿ. ಪುಡಿ ಹಾಕಿದಾಗ ಮಾತ್ರ ಸೋರಿದರೆ ಒತ್ತಡ ತಡೆಯಲಾರದ ಸೀಲ್ ಒಂದು ಎಲ್ಲೋ ಇದೆ ಎಂದು ಲೆಕ್ಕ.

ಮಣಿಪಾಲದ ಸ್ನೇಹಿತೆಯೊಬ್ಬರ ಮೆಷಿನ್‌ನಲ್ಲಿ ಹೀಗೆ ಮಾಡಿದಾಗ ಹಿಂದಿನ ಬಲಗಾಲಿನ ಸುತ್ತ ನಾಣ್ಯದಷ್ಟು ಅಗಲದ ಕಲೆ ಬಂತು. ಆನ್ ಮಾಡಿರಲೇ ಇಲ್ಲ. ಟ್ಯಾಂಕ್ ಎತ್ತಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಅಡಿಯ ರಿಂಗಿನ ಮೇಲೆ ಅಡ್ಡಲಾಗಿ ಒಂದು ತಲೆಕೂದಲು. ತೆಗೆದೆವು, ಸೋರುವುದು ನಿಂತಿತು.

ಡ್ರಿಪ್ ಟ್ರೇ ದಿನಾ ತುಂಬ್ತದೆ. ಇದು ಲೀಕಾ?

ಹೆಚ್ಚಾಗಿ ಅಲ್ಲ. ಕಾಫಿ ಇಳಿದು ಮುಗಿದ ಕೂಡಲೇ ಕೆಲವು ಮೆಷಿನ್‌ಗಳು ಒಳಗೆ ಉಳಿದ ಒತ್ತಡದ ನೀರನ್ನು ಟ್ರೇಗೆ ಬಿಡುತ್ತವೆ. ‘ಚುಸ್’ ಅಂತ ಶಬ್ದ ಕೇಳಿಸುತ್ತದಲ್ಲ, ಅದೇ. ಆ ಕೆಲಸ ಮಾಡುವುದು ಮೂರು ದಾರಿಯ ಸೋಲೆನಾಯ್ಡ್ ವಾಲ್ವ್. ಅದರ ಮೇಲೆ ನೀವು ಬಿಸಿ ಮಾಡಲು ಬಿಟ್ಟ ನೀರು, ಸ್ಟೀಮ್ ಪೈಪ್ ತೊಳೆದ ನೀರು ಸೇರುತ್ತದೆ. ದಿನಕ್ಕೆ ನಾಲ್ಕು ಕಾಫಿ ಆದರೆ ಟ್ರೇ ತುಂಬುವುದು ಸಹಜ. ರಾತ್ರಿ ಖಾಲಿ ಮಾಡಿ ಇಟ್ಟ ಟ್ರೇ ಬೆಳಿಗ್ಗೆ ಮುಟ್ಟದೆಯೇ ತುಂಬಿದ್ದರೆ ಮಾತ್ರ ಹುಡುಕಿ.

ಕಾಫಿ ಮಾಡದೆ, ಬರೀ ಬಿಸಿಯಾಗುವಾಗಲೇ ಮೇಲಿಂದ ನೀರು ಬೀಳ್ತದೆ. ಯಾಕೆ?

ನೀರು ಬಿಸಿಯಾದರೆ ಹಿಗ್ಗುತ್ತದೆ. 20 ಡಿಗ್ರಿಯಿಂದ 95 ಡಿಗ್ರಿಗೆ ಹೋಗುವಾಗ ನೂರಕ್ಕೆ ಸುಮಾರು 4 ಪಾಲು ಜಾಸ್ತಿ ಜಾಗ ಬೇಕು. ತುಂಬಿದ ಬಾಯ್ಲರ್‌ಗೆ ಆ ಹೆಚ್ಚಿನ ನೀರನ್ನು ಎಲ್ಲಿಂದಾದರೂ ಹೊರಗೆ ಹಾಕಲೇಬೇಕು. ಮೊದಲ ಕೆಲವು ನಿಮಿಷ ತೊಟ್ಟಿಕ್ಕಿ ನಿಂತರೆ ಚಿಂತೆ ಬೇಡ. ಪೂರ್ತಿ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮುಂದಿನ ಭಾಗ ಓದಿ.

ಟ್ಯಾಂಕ್ ತೆಗೆದಾಗೆಲ್ಲ ಕಟ್ಟೆ ಚಂಡಿ ಆಗ್ತದೆ, ಟ್ಯಾಂಕ್ ಒಡೆದಿದೆಯಾ?

ಮೂರು ನಾಲ್ಕು ಹನಿ ಬೀಳುವುದು ಸಾಮಾನ್ಯ. ಒಡೆದಿದೆಯೋ ಎಂಬ ಅನುಮಾನ ಇದ್ದರೆ ಟ್ಯಾಂಕ್ ತುಂಬಿಸಿ ರಾತ್ರಿ ಒಂದು ಒಣ ಬಟ್ಟಲಿನ ಮೇಲೆ ಇಡಿ. ಬೆಳಿಗ್ಗೆ ಬಟ್ಟಲಿನಲ್ಲಿ ನೀರಿದ್ದರೆ ಅಡಿಯ ಸ್ಪ್ರಿಂಗ್ ವಾಲ್ವ್ ಸರಿ ಮುಚ್ಚುತ್ತಿಲ್ಲ, ಇಲ್ಲವೇ ಸೀಳು ಇದೆ. ವಾಲ್ವಿಗೆ ಪಾಚಿ, ಮಣ್ಣಿನ ಕಣ ಕೂತಿದ್ದರೆ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಬಟ್ಟಲು ಒಣಗಿಯೇ ಇದ್ದರೆ ಟ್ಯಾಂಕಿನ ತಪ್ಪಲ್ಲ. ಅದು ಕೂರುವ ಬಾಯಿಯ ರಿಂಗ್ ಬದಲಿಸಬೇಕು.

ನನ್ನ ಮೊದಲ ಮೆಷಿನ್‌ಗೆ ಇದೇ ತೊಂದರೆ ಇತ್ತು. ರಿಪೇರಿಗೆ ಕೊಟ್ಟ ಕಡೆ ಪಂಪ್ ಹೋಗಿದೆ ಎಂದರು, ಪಂಪ್ ಬದಲಿಸಿದರು, ದುಡ್ಡು ತೆಗೆದುಕೊಂಡರು. ಮನೆಗೆ ತಂದ ದಿನವೇ ಮತ್ತೆ ನೀರು. ಕೊನೆಗೆ ಸರಿಯಾದದ್ದು ಬೆರಳುಂಗುರಕ್ಕಿಂತ ಸಣ್ಣ ರಿಂಗಿನಿಂದ. ಬೇಸರ ಆಗಿತ್ತು. ನಾನೇ ಬಿಚ್ಚಿ ನೋಡಲು ಶುರು ಮಾಡಿದ್ದು ಆಮೇಲೆ.

## ಕಾಫಿ ಇಳಿಯುವಾಗ

ಹಿಡಿಕೆಯ ಬದಿಯಿಂದ ನೀರು ಚಿಮ್ಮಿ ಗೋಡೆಗೆಲ್ಲ ಹಾರ್ತದೆ. ಎಂತ ಮಾಡುದು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಹಿಡಿಕೆ ಅಂದರೆ ಪೋರ್ಟಾಫಿಲ್ಟರ್. ಅದು ಮೇಲೆ ಹೋಗಿ ಕೂರುವ ಜಾಗದಲ್ಲಿ ಒಂದು ಗ್ಯಾಸ್ಕೆಟ್ ಇದೆ. ಕುಕ್ಕರ್ ಗ್ಯಾಸ್ಕೆಟ್‌ನ ಕೆಲಸವೇ ಇದರದ್ದೂ. ಆದರೆ ಕುಕ್ಕರಿನಲ್ಲಿ ಒತ್ತಡ ಸುಮಾರು 1 ಬಾರ್, ಇಲ್ಲಿ 9 ಬಾರ್. ಹಿಡಿಕೆಯಲ್ಲಿ ಪುಡಿ ತುಂಬುವ 58 ಮಿಲಿಮೀಟರ್ ಅಗಲದ ಬುಟ್ಟಿಯ ಮೇಲೆ 9 ಬಾರ್ ಅಂದರೆ ನಾಲ್ಕು ಮೂಟೆ ಸಿಮೆಂಟ್ ಇಟ್ಟದ್ದಕ್ಕಿಂತಲೂ ಜಾಸ್ತಿ ಭಾರ. ಗ್ಯಾಸ್ಕೆಟ್ ಒಂದು ಕಡೆ ಸೋತರೆ ಸಾಕು, ನೀರು ಅಲ್ಲಿಂದ ದಾರಿ ಮಾಡಿಕೊಳ್ಳುತ್ತದೆ.

ಹೊಸ ಗ್ಯಾಸ್ಕೆಟ್ ತರುವ ಮೊದಲು ಇರುವುದನ್ನು ತೊಳೆಯಿರಿ. ಮೆಷಿನ್ ತಣ್ಣಗಾದ ಮೇಲೆ ಬೆರಳನ್ನು ಒಳಗೆ ಹಾಕಿ ಸುತ್ತ ಸವರಿ ನೋಡಿ. ಮರಳಿನ ಹಾಗೆ ಸಿಗುವುದು ಹಳೆ ಕಾಫಿ ಪುಡಿ. ಗಟ್ಟಿ ಬ್ರಷ್‌ನಿಂದ ಅದನ್ನು ತೆಗೆದರೆ ಅರ್ಧಕ್ಕರ್ಧ ಜನರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಬುಟ್ಟಿಯ ಅಂಚಿನಲ್ಲಿ ಪುಡಿ ಉಳಿಯದ ಹಾಗೆ ಪ್ರತಿ ಸಲ ಬೆರಳಿನಿಂದ ಒರೆಸಿ, ಆಮೇಲೆ ಹಿಡಿಕೆ ಹಾಕಿ.

ತೊಳೆದರೂ ಸೋರಿದರೆ ಉಗುರಿನಿಂದ ಗ್ಯಾಸ್ಕೆಟ್ ಒತ್ತಿ. ಒಳ್ಳೆಯದಾದರೆ ಉಗುರು ಸ್ವಲ್ಪ ಊರುತ್ತದೆ. ಹೋದದ್ದಾದರೆ ಗೆರಟೆಯ ಹಾಗೆ ಗಟ್ಟಿ, ‘ಟಕ್’ ಅನ್ನುತ್ತದೆ. ಇನ್ನೊಂದು ಗುರುತು, ಮೊದಲು ನೇರ ಎದುರಿಗೆ ನಿಲ್ಲುತ್ತಿದ್ದ ಹಿಡಿಕೆ ಈಗ ಬಲಕ್ಕೆ ದಾಟಿ ಹೋಗುವುದು. ದಿನಾ ಬಳಸುವ ಮನೆಯಲ್ಲಿ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ತೆಗೆಯಲು ಮೊದಲು, ಮೇಲಿಂದ ನೀರು ಇಳಿಯುವ ಜಾಲರಿಯ ಸ್ಕ್ರೂ ಬಿಚ್ಚಿ ಜಾಲರಿ ಇಳಿಸಿ. ಆಮೇಲೆ ದಬ್ಬಣದಿಂದ ಗ್ಯಾಸ್ಕೆಟ್ ಚುಚ್ಚಿ ಎಳೆಯಿರಿ. ತೀರಾ ಗಟ್ಟಿಯಾಗಿದ್ದರೆ ಎದುರು ಬದುರು ಎರಡು ಸಣ್ಣ ಸ್ಕ್ರೂ ತಿರುಗಿಸಿ, ಅವನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಬರುತ್ತದೆ. ಲೋಹಕ್ಕೆ ಗೀರು ಬೀಳಬಾರದು. ಗೀರಿದ ಜಾಗದಲ್ಲಿ ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ. ಹೊಸದನ್ನು ತರಿಸುವಾಗ ಒಳ ಅಗಲ, ಹೊರ ಅಗಲ, ದಪ್ಪ ಮೂರನ್ನೂ ಅಳೆಯಿರಿ. ದಪ್ಪದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಆದರೂ ಹಿಡಿಕೆ ಕೂರುವುದಿಲ್ಲ.

ಹಿಡಿಕೆಯನ್ನು ಇನ್ನೂ ಬಿಗಿ ಮಾಡಿದ್ರೆ ನಿಲ್ಲುದಿಲ್ವಾ?

ಒಂದು ವಾರ ನಿಲ್ಲಬಹುದು. ಅಷ್ಟರಲ್ಲಿ ಗ್ಯಾಸ್ಕೆಟ್ ಇನ್ನೂ ಬೇಗ ಸಾಯುತ್ತದೆ, ಹಿಡಿಕೆಯ ಕಿವಿಗಳು ಸವೆಯುತ್ತವೆ. ಬಿಗಿಯಾಯಿತು ಅನ್ನಿಸಿದಲ್ಲಿಗೆ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ಕಳಚಿಯೇ ಇಡಿ, ಬಿಸಿ ಮೆಷಿನ್‌ಗೆ ಬಿಗಿದು ಬಿಡಬೇಡಿ.

ಮನೆಯ ಫಿಲ್ಟರ್ ಕಾಫಿ ಪುಡಿ ಹಾಕಿದ್ದೆ. ಆವತ್ತಿಂದಲೇ ಸೋರುದು. ಸಂಬಂಧ ಉಂಟಾ?

ಉಂಟು. ನಮ್ಮ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಇರುತ್ತದೆ. ಚಿಕೋರಿ ನೀರು ಕಂಡ ಕೂಡಲೇ ಅಂಟಾಗುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ನಿಧಾನಕ್ಕೆ ದಪ್ಪಗೆ ಇಳಿಯುವುದಕ್ಕೆ ಅದು ಒಳ್ಳೆಯದೇ. ಇಲ್ಲಿ ಪಂಪ್ ಹಿಂದಿನಿಂದ ತಳ್ಳುತ್ತಿರುತ್ತದೆ, ಮುಂದೆ ದಾರಿ ಕಟ್ಟಿರುತ್ತದೆ. ಮನೆ ಮೆಷಿನ್‌ಗಳ ಪಂಪ್ 15 ಬಾರ್‌ವರೆಗೂ ತಳ್ಳಬಲ್ಲದು. ಕೆಳಗೆ ಹೋಗಲಾಗದ ನೀರು ಗ್ಯಾಸ್ಕೆಟ್ ಬದಿಯಿಂದ ಹೊರಬರುತ್ತದೆ. ಬುಟ್ಟಿಯ ತೂತು, ಮೇಲಿನ ಜಾಲರಿ ಎರಡನ್ನೂ ಬಿಸಿನೀರಿನಲ್ಲಿ ನೆನೆಸಿ ಉಜ್ಜಿ. ಚಿಕೋರಿ ಇಲ್ಲದ ಬೀಜವನ್ನು ಎಸ್ಪ್ರೆಸೊಗೆ ಸರಿಯಾಗಿ ಪುಡಿ ಮಾಡಿಸಿ ಹಾಕಿ ನೋಡಿ. ಚಿಕೋರಿ ಇಲ್ಲದ ಪುಡಿಯೂ ತೀರಾ ನುಣ್ಣಗಾದರೆ, ಜಾಸ್ತಿ ತುಂಬಿದರೆ ಹೀಗೆಯೇ ಆಗುತ್ತದೆ. ಸುಮಾರು 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿದರೆ ಪುಡಿ ಹದವಾಗಿದೆ ಎಂದು ಅರ್ಥ.

ಕಾಫಿ ತೆಗೆದು ಆದ ಮೇಲೂ ಒಂದೊಂದೇ ಹನಿ ಬೀಳ್ತಾ ಇರ್ತದೆ. ರಾತ್ರಿ ಇಡೀ.

ಸೋಲೆನಾಯ್ಡ್ ಇರುವ ಮೆಷಿನ್ ಆದರೆ ಆ ವಾಲ್ವ್ ಒಳಗೆ ಕಾಫಿ ಎಣ್ಣೆ, ಪುಡಿ ಸಿಕ್ಕಿಕೊಂಡಿದೆ. ತೂತಿಲ್ಲದ ಬುಟ್ಟಿ ಹಾಕಿ, ಎಸ್ಪ್ರೆಸೊ ಮೆಷಿನ್ ತೊಳೆಯುವ ಪುಡಿಯೊಂದಿಗೆ 10 ಸೆಕೆಂಡ್ ಓಡಿಸಿ ನಿಲ್ಲಿಸಿ. ಹೀಗೆ ಐದಾರು ಸಲ ಮಾಡಿ, ಆಮೇಲೆ ಬರೀ ನೀರಿನಲ್ಲಿ ಅಷ್ಟೇ ಸಲ ಮಾಡಿ. ಇದಕ್ಕೆ ಬ್ಯಾಕ್‌ಫ್ಲಶ್ ಎನ್ನುತ್ತಾರೆ. ಸೋಲೆನಾಯ್ಡ್ ಇಲ್ಲದ ಸಣ್ಣ ಮೆಷಿನ್‌ಗೆ ಇದನ್ನು ಮಾಡಲೇಬಾರದು, ಒತ್ತಡ ಹೊರಹೋಗಲು ಅಲ್ಲಿ ದಾರಿ ಇಲ್ಲ. ಅಂಥದರಲ್ಲಿ ಜಾಲರಿಯ ಹಿಂದೆ ಸ್ಪ್ರಿಂಗ್ ಇರುವ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದನ್ನು ಬಿಚ್ಚಿ ತೊಳೆಯಬೇಕು.

ಸ್ಟೀಮ್ ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುದು ನಿಲ್ಲುದೇ ಇಲ್ಲ.

ಪೈಪ್ ತುದಿಯಿಂದಲೋ, ಮೇಲೆ ಪೈಪ್ ತಿರುಗುವ ಗುಂಡಿನ ಹತ್ತಿರದಿಂದಲೋ? ಗುಂಡಿನ ಹತ್ತಿರವಾದರೆ ಅಲ್ಲಿಯ ಓ-ರಿಂಗ್, ಅಂದರೆ ಸಣ್ಣ ರಬ್ಬರ್ ಬಳೆ, ಬದಲಿಸಿದರೆ ಆಯಿತು. ತುದಿಯಿಂದಾದರೆ ಹಬೆ ಬಿಡುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಒಳಗಿನ ಸೀಲ್ ಸವೆದಿರಬಹುದು, ಅದರ ಮೇಲೆ ಸುಣ್ಣದ ಪೊರೆ ಕೂತಿರಬಹುದು. ನಾಬ್ ಅನ್ನು ಬಲವಾಗಿ ತಿರುಗಿಸಿದಷ್ಟೂ ಸೀಲ್ ಹಾಳು. ಹಾಲು ಕಾಯಿಸಿ ಆದ ತಕ್ಷಣ ಎರಡು ಸೆಕೆಂಡ್ ಹಬೆ ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ. ಬಿಡದಿದ್ದರೆ ಪೈಪ್ ತಣ್ಣಗಾಗುವಾಗ ಹಾಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

## ನಮ್ಮ ನೀರು, ನಮ್ಮ ಮಳೆ

ನಮ್ಮದು ಬಾವಿ ನೀರು, ಮೆದು. ಡಿಸ್ಕೇಲ್ ಮಾಡ್ಬೇಕಾ?

ಕರಾವಳಿಯ ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದು. ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ನೀರು ಕೂಡ ಗಡುಸಲ್ಲ. ಆದ್ದರಿಂದ ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಇಲ್ಲಿ ಬೇಗ ಸುಣ್ಣ ಕಟ್ಟುವುದಿಲ್ಲ. ಡಿಸ್ಕೇಲ್ ಅಂದರೆ ಆ ಸುಣ್ಣವನ್ನು ಕರಗಿಸಿ ತೆಗೆಯುವುದು. ಮೂರು ತಿಂಗಳಿಗೊಮ್ಮೆ ಎಂದು ಕಣ್ಣು ಮುಚ್ಚಿ ಅದನ್ನು ಮಾಡುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಗಡಸುತನ ನೋಡುವ ಪಟ್ಟಿ ಸಿಗುತ್ತದೆ, ಒಮ್ಮೆ ಅದ್ದಿ ನೋಡಿ.

ನಮ್ಮ ತೊಂದರೆ ಬೇರೆ. ಬಾವಿ ನೀರು ಸ್ವಲ್ಪ ಹುಳಿ ಗುಣದ್ದು, ಕೆಲವು ಕಡೆ ಕಬ್ಬಿಣದ ಅಂಶವೂ ಜಾಸ್ತಿ. ಟ್ಯಾಂಕಿನ ತಳದಲ್ಲಿ ಕೇಸರಿ ಬಣ್ಣದ ನುಣ್ಣನೆಯ ಮಡ್ಡಿ ಕೂರುತ್ತದಲ್ಲ, ಅದೇ ಮಡ್ಡಿ ವಾಲ್ವಿನ ಬಾಯಿಯಲ್ಲೂ ಕೂತು ಅದನ್ನು ಮುಚ್ಚಗೊಡುವುದಿಲ್ಲ. ಹೊಳೆ, ಸಮುದ್ರದ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಬರುತ್ತದೆ. ಉಪ್ಪು ನೀರು ಸ್ಟೀಲ್ ಬಾಯ್ಲರನ್ನೂ ತಿನ್ನುತ್ತದೆ. ಬಾಯಿಗೆ ಸ್ವಲ್ಪ ಉಪ್ಪು ತಾಗಿದರೂ ಆ ನೀರು ಮೆಷಿನ್‌ಗೆ ಬೇಡ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವವರು ಅದನ್ನೂ ಪಟ್ಟಿಯಿಂದ ನೋಡಿ, ಬೋರ್ ನೀರು ಆಗಿರಬಹುದು.

ಹಾಗಾದ್ರೆ ಆರ್‌ಒ ನೀರು ಹಾಕಿದ್ರೆ ಎಲ್ಲಾ ಸಮಸ್ಯೆ ಮುಗಿಯಿತಲ್ಲ?

ಎಲ್ಲ ಮೆಷಿನ್‌ಗೂ ಅಲ್ಲ. ಹಬೆಗೆ ಬೇರೆ ಬಾಯ್ಲರ್ ಇರುವ ದೊಡ್ಡ ಮೆಷಿನ್‌ಗಳಲ್ಲಿ ನೀರಿನ ಮಟ್ಟ ನೋಡಲು ಒಂದು ಲೋಹದ ಕಡ್ಡಿ ಇರುತ್ತದೆ. ನೀರು ಕಡ್ಡಿಯನ್ನು ಮುಟ್ಟಿದಾಗ ನೀರಿನ ಮೂಲಕ ಸಣ್ಣ ಕರೆಂಟ್ ಹರಿದು, ಪಂಪ್ ನಿಲ್ಲುತ್ತದೆ. ಕರೆಂಟ್ ಹರಿಯಲು ನೀರಿನಲ್ಲಿ ಲವಣ ಬೇಕು. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ ಆದರೆ ಬಾಯ್ಲರ್ ತುಂಬಿದ್ದೇ ಮೆಷಿನ್‌ಗೆ ಗೊತ್ತಾಗುವುದಿಲ್ಲ. ಪಂಪ್ ತುಂಬುತ್ತಲೇ ಇರುತ್ತದೆ, ಮೇಲಿನ ವಾಲ್ವಿನಿಂದ, ಸ್ಟೀಮ್ ಪೈಪಿನಿಂದ ನೀರು ಹೊರಬರುತ್ತದೆ. ನೋಡಿದವರಿಗೆ ಮೆಷಿನ್ ಒಡೆದ ಹಾಗೆ ಕಾಣುತ್ತದೆ. ಕಂಕನಾಡಿಯ ಪರಿಚಯದವರೊಬ್ಬರು ಹೀಗೆಯೇ ಗಾಬರಿಯಾಗಿ ರಾತ್ರಿ ಫೋನ್ ಮಾಡಿದ್ದರು. ಆರ್‌ಒ ನೀರಿಗೆ ಅರ್ಧದಷ್ಟು ಸೋಸಿದ ನಲ್ಲಿ ನೀರು ಬೆರೆಸಲು ಹೇಳಿದೆ, ಅಷ್ಟಕ್ಕೇ ಸರಿಯಾಯಿತು.

ಡಿಸ್ಕೇಲ್ ಮಾಡುವ ಮೊದಲು ಸರಿಯಿತ್ತು. ಮಾಡಿದ ಮೇಲೆ ಸೋರ್ತಿದೆ. ನಾನೇ ಹಾಳು ಮಾಡಿದೆನಾ?

ಇಲ್ಲ. ಸೀಲ್ ಮೊದಲೇ ಹೋಗಿತ್ತು. ಆ ಸಂದಿಯನ್ನು ಸುಣ್ಣದ ಪೊರೆ ಮುಚ್ಚಿಟ್ಟಿತ್ತು, ನೀವು ಪೊರೆ ಕರಗಿಸಿದಿರಿ. ಕೆಲವೊಮ್ಮೆ ಅರೆಬರೆ ಕರಗಿದ ತುಣುಕು ವಾಲ್ವಿನಲ್ಲಿ ಸಿಕ್ಕಿ ತೊಟ್ಟಿಕ್ಕುತ್ತದೆ. ಮೊದಲು ಎರಡು ಟ್ಯಾಂಕ್ ಬರೀ ನೀರು ಓಡಿಸಿ ನೋಡಿ. ಮುಂದಿನ ಸಲ ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಸಾಕು. ಅಲ್ಯೂಮಿನಿಯಂ ಬಾಯ್ಲರ್ ಆದರೆ ಕಂಪನಿಯವರು ಹೇಳಿದ ದ್ರಾವಣವನ್ನೇ ಬಳಸಿ, ಹೇಳಿದಷ್ಟು ಹೊತ್ತು ಮಾತ್ರ.

ಮಳೆಗಾಲದಲ್ಲಿ ಮಾತ್ರ ಹಿಂದಿನ ಬದಿ ಚಂಡಿ. ಜೊತೆಗೆ ಕರೆಂಟ್ ಟ್ರಿಪ್ ಬೇರೆ!

ಎರಡನ್ನೂ ಬೇರೆ ಬೇರೆ ನೋಡಿ. ಟ್ಯಾಂಕಿಗೆ ಫ್ರಿಜ್ ನೀರು ಹಾಕುತ್ತೀರಾದರೆ ಜುಲೈ ತಿಂಗಳ ಗಾಳಿಯ ಪಸೆ ಟ್ಯಾಂಕಿನ ಹೊರಮೈಯಲ್ಲಿ ಹನಿಗಟ್ಟಿ ಇಳಿಯುತ್ತದೆ. ಅದು ಸೋರಿಕೆ ಅಲ್ಲ. ಸಾಮಾನ್ಯ ನೀರು ಹಾಕಿ ಒಂದು ದಿನ ನೋಡಿ.

ಟ್ರಿಪ್ ಆಗುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವಾರಗಟ್ಟಲೆ ಬಳಸದೆ ಇಟ್ಟ ಮೆಷಿನ್‌ನ ಹೀಟಿಂಗ್ ಕಾಯಿಲ್ ಪಸೆ ಹೀರಿಕೊಂಡು ಟ್ರಿಪ್ ಮಾಡಿಸುವುದುಂಟು. ಆದರೆ ಒಳಗೆ ಸೋರಿದ ನೀರು ವೈರ್ ಮುಟ್ಟಿದರೂ ಆಗುವುದು ಅದೇ ಟ್ರಿಪ್. ಹೊರಗಿನಿಂದ ಎರಡನ್ನೂ ಗುರುತಿಸಲಾಗದು. ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) 30 ಮಿಲಿ ಆಂಪಿಯರ್ ಸೋರಿದ ಕೂಡಲೇ ಬೀಳುವುದು ನಿಮ್ಮ ಜೀವ ಉಳಿಸಲು. ಅರ್ತ್ ಪಿನ್ ತೆಗೆದು ಹಾಕುವುದು, ಬೇರೆ ಪ್ಲಗ್‌ನಲ್ಲಿ ಹಾಕಿ ನೋಡುವುದು ಬೇಡವೇ ಬೇಡ. ಪ್ಲಗ್ ಕಿತ್ತು, ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿ.

## ಕವಚ ಬಿಚ್ಚುವವರಿಗೆ

ಒಳಗಿನಿಂದಲೇ ಸೋರುದು ಖಂಡಿತ. ನಾನೇ ಬಿಚ್ಚಬಹುದಾ?

ವಾರಂಟಿ ಇದ್ದರೆ ಬೇಡ. ಇಲ್ಲದಿದ್ದರೆ, ತಾಳ್ಮೆ ಇದ್ದರೆ, ಬಿಚ್ಚಬಹುದು. ಪ್ಲಗ್ ಕಿತ್ತು, ಸ್ಟೀಮ್ ನಾಬ್ ತೆರೆದು ಒತ್ತಡ ಬಿಡಿ. ಮುಟ್ಟಿದರೆ ತಣ್ಣಗಿದೆ ಅನ್ನಿಸುವವರೆಗೆ ಕಾಯಿರಿ, ಒಂದೂವರೆ ಗಂಟೆ ಆದರೂ ಆಗಲಿ. ಪ್ರತಿ ಪೈಪ್ ಕಳಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ.

ಒಳಗೆ ಹುಡುಕಬೇಕಾದ್ದು ಒದ್ದೆ ಜಾಗವನ್ನಲ್ಲ, ಕಲೆಯನ್ನು. ನೀರು ಆರಿದರೂ ಗುರುತು ಉಳಿಯುತ್ತದೆ. ಹಿತ್ತಾಳೆ ಜೋಡಣೆಯ ಮೇಲೆ ಹಸಿರು, ಕಬ್ಬಿಣದ ಮೇಲೆ ತುಕ್ಕಿನ ಗೆರೆ, ಸಿಲಿಕೋನ್ ಪೈಪಿನ ಬಾಯಲ್ಲಿ ಬಿಳಿ ಹುಡಿ. ಗೆರೆಯನ್ನು ಮೇಲಕ್ಕೆ ಹಿಡಿದು ಹೋದರೆ ಅದು ಶುರುವಾದ ಜಾಗ ಸಿಗುತ್ತದೆ.

ಓ-ರಿಂಗ್ ಹಾರ್ಡ್‌ವೇರ್ ಅಂಗಡಿಯದ್ದು ಆಗ್ತದಾ? ಎಂ-ಸೀಲ್ ಹಚ್ಚಿದ್ರೆ?

ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಳತೆಗೆ ಸರಿಯಾದ ಕಪ್ಪು ರಿಂಗ್ ಸಿಗಬಹುದು. ಆದರೆ ಸಾಮಾನ್ಯವಾಗಿ ಸಿಗುವುದು ಎಣ್ಣೆ, ಪೆಟ್ರೋಲ್ ತಡೆಯುವ ನೈಟ್ರೈಲ್ ರಬ್ಬರ್. ಹಬೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಆಹಾರಕ್ಕೆ ಬಳಸುವ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್ ಎಂದೇ ಕೇಳಿ. ಎಂ-ಸೀಲ್ ಬೇಡ, ಕುಡಿಯುವ ಬಿಸಿನೀರಿನ ದಾರಿಗೆ ಅದನ್ನು ಮೆತ್ತಬಾರದು. ಆಮೇಲೆ ಜೋಡಣೆ ಬಿಚ್ಚಲೂ ಆಗುವುದಿಲ್ಲ. ಟೆಫ್ಲಾನ್ ಟೇಪ್ ತಿರುಪಿನ ಎಳೆಗೆ ಮಾತ್ರ, ಓ-ರಿಂಗ್ ಇರುವ ಜಾಗಕ್ಕೆ ಸುತ್ತಬೇಡಿ. ರಿಂಗ್ ಸುಲಭವಾಗಿ ಜಾರಲಿ ಎಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಬಿಸಿಗೆ ಜಿಡ್ಡುಗಟ್ಟಿ ಪುಡಿ ಹಿಡಿಯುತ್ತದೆ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್ ಕಡಲೆಬೇಳೆ ಗಾತ್ರದಷ್ಟು ಸಾಕು.

ಬಾಯ್ಲರ್ ಮೇಲಿನ ವಾಲ್ವಿನಿಂದ ಹಬೆ, ನೀರು ಬರ್ತದೆ. ಅಪಾಯವಾ?

ಮೇಲೆ ಎರಡು ವಾಲ್ವ್ ಇರುತ್ತವೆ. ಸಣ್ಣದು ಗಾಳಿ ಬಿಡುವ ವಾಲ್ವ್. ಬಿಸಿಯಾಗುವಾಗ ಸ್ವಲ್ಪ ಹೊತ್ತು ಬುಸುಗುಟ್ಟಿ, ಆಮೇಲೆ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ತೊಟ್ಟಿಕ್ಕಿದರೆ ತೊಳೆಯಬೇಕು, ಇಲ್ಲವೇ ಬದಲಿಸಬೇಕು. ಇನ್ನೊಂದು ಸೇಫ್ಟಿ ವಾಲ್ವ್, ಕುಕ್ಕರಿನಲ್ಲಿ ಇರುವ ಹಾಗೆ. ಅದು ತೆರೆಯಿತು ಅಂದರೆ ಒಳಗೆ ಒತ್ತಡ ಮಿತಿ ಮೀರಿದೆ. ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ ದೂರ ನಿಲ್ಲಿ. ಕಾರಣ ಗೊತ್ತಾಗುವವರೆಗೆ ಮತ್ತೆ ಆನ್ ಮಾಡಬೇಡಿ.

ಕೊನೆಗೂ ಆಗಲಿಲ್ಲ, ಬೆಂಗಳೂರಿಗೆ ಕಳಿಸ್ಬೇಕು. ಅವರಿಗೆ ಎಂತ ಹೇಳುದು?

‘ಲೀಕ್ ಆಗ್ತಿದೆ’ ಎಂದಷ್ಟೇ ಹೇಳಿದರೆ ಅವರು ಅಂದಾಜಿನಲ್ಲಿ ಬಿಡಿಭಾಗ ಬದಲಿಸುತ್ತಾರೆ. ಯಾವ ಹಂತದಲ್ಲಿ ಸೋರುತ್ತದೆ, ಯಾವ ಕಾಲಿನ ಹತ್ತಿರ ಪೇಪರ್ ಚಂಡಿಯಾಯಿತು, ಹತ್ತು ನಿಮಿಷಕ್ಕೆ ಎಷ್ಟು ನೀರು, ನೀವು ಏನೆಲ್ಲ ಬದಲಿಸಿದ್ದೀರಿ ಎಂದು ಬರೆದು ಮೆಷಿನ್‌ಗೆ ಅಂಟಿಸಿ. ಸೋರುವಾಗಿನ ವಿಡಿಯೊ ಕಳಿಸಿ. ಬದಲಿಸಿದ ಹಳೆ ಭಾಗ ವಾಪಸ್ ಬೇಕು ಎಂದು ಮೊದಲೇ ಹೇಳಿಡಿ. ಪ್ಯಾಕ್ ಮಾಡುವ ಹಿಂದಿನ ದಿನ ಟ್ಯಾಂಕ್, ಟ್ರೇ ಒಣಗಿಸಿ. ಬಾಯ್ಲರಿನ ನೀರನ್ನೂ ಆದಷ್ಟು ಖಾಲಿ ಮಾಡಿ. ಇಲ್ಲದಿದ್ದರೆ ಶಿರಾಡಿ ಘಾಟಿಯ ಕುಲುಕಾಟಕ್ಕೆ ಪೆಟ್ಟಿಗೆಯೊಳಗೇ ನೀರು ಚೆಲ್ಲಿ ವೈರಿನ ಜೋಡಣೆಗಳೆಲ್ಲ ನೆನೆಯುತ್ತವೆ.